ಶುಗರ್ ಇರುವವರು ಹೋಟೆಲ್ ರೂಮಿನಲ್ಲಿ, ಹಡಗಿನ ಕ್ಯಾಬಿನ್ನಿನಲ್ಲಿ ಬರಿಗಾಲಲ್ಲಿ ಓಡಾಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ತಂದೆಯವರಿಗೆ 68 ವರ್ಷ. ಬಹಳ ಕಾಲದಿಂದ ಶುಗರ್ ಇದೆ, ಪಾದ ಯಾವಾಗಲೂ ಜೋಮು ಹಿಡಿದ ಹಾಗೆ ಇರುತ್ತದೆ ಅನ್ನುತ್ತಾರೆ. ಮುಂಬೈಯಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿದ್ದು, ಮರುದಿನ ಕ್ರೂಸ್ ಹಡಗಿನಲ್ಲಿ ಲಕ್ಷದ್ವೀಪಕ್ಕೆ ಹೊರಡುತ್ತೀರಿ. ರೂಮಿನೊಳಗೆ ಚಪ್ಪಲಿ ಹಾಕಿ ಎಂದರೆ ಅವರು ಒಪ್ಪುವುದಿಲ್ಲ. ಹೋಟೆಲಿನವರೇ ಕೊಡುವ ಬಿಳಿ ಚಪ್ಪಲಿಯಾದರೂ ಸಾಕಾ ಎಂದು ಕೇಳಿದ್ದೀರಿ.

ಸಾಲದು. ಆ ಬಿಳಿ ಚಪ್ಪಲಿಯನ್ನು ಕವರಿನಿಂದ ತೆಗೆಯಲೇ ಬೇಡಿ. ಅದರ ತಳ ರಟ್ಟಿನಷ್ಟು ತೆಳು, ಹಿಂದೆ ಪಟ್ಟಿ ಇಲ್ಲ, ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಎಲ್ಲರ ಕಾಲಿಗೂ ಒಂದೇ ಅಳತೆ. ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರಿಗೆ ಅದು ಯಾವಾಗ ಕಾಲಿನಿಂದ ಕಳಚಿತು ಎನ್ನುವುದೂ ಗೊತ್ತಾಗುವುದಿಲ್ಲ.

ನಾನು ಮೈಸೂರಿನಲ್ಲಿ ನರ್ಸ್. ಶುಗರ್ ಇರುವವರ ಕಾಲಿನ ಗಾಯಕ್ಕೆ ಡ್ರೆಸಿಂಗ್ ಮಾಡುವುದು ನನ್ನ ಕೆಲಸ. ರಜೆ ಮುಗಿಸಿ ಬಂದವರಲ್ಲಿ ಕೆಲವರು ಕಾಲಿಗೆ ಬಟ್ಟೆ ಸುತ್ತಿಕೊಂಡು ಬರುತ್ತಾರೆ. ಎಲ್ಲಿ ಆಯಿತು ಎಂದು ಕೇಳಿದರೆ "ಗೊತ್ತೇ ಆಗಲಿಲ್ಲ ಸಿಸ್ಟರ್" ಅನ್ನುತ್ತಾರೆ. ಒಂದೊಂದಾಗಿ ಕೇಳುತ್ತಾ ಹೋದರೆ ಎಷ್ಟೋ ಸಲ ಉತ್ತರ ರೂಮಿನಲ್ಲೇ ಸಿಗುತ್ತದೆ. ಬಾತ್‌ರೂಮಿನ ಬಿಸಿನೀರು, ಮಂಚದ ಮೂಲೆ, ಕಾರ್ಪೆಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಗಾಜಿನ ಚೂರು. ಹೊರಗೆ ಹೋಗುವಾಗ ಶೂ, ಸಾಕ್ಸ್ ಎಲ್ಲ ಹಾಕಿಕೊಂಡು ಎಚ್ಚರವಾಗಿರುತ್ತಾರೆ. ರೂಮಿಗೆ ಬಂದು ಬಾಗಿಲು ಹಾಕಿದ ಕೂಡಲೇ ಎಲ್ಲ ಕಳಚಿ ಆರಾಮಾಗುತ್ತಾರೆ. ಮನೆಯಲ್ಲಾದರೆ ಯಾವ ಮೇಜು ಎಲ್ಲಿದೆ ಎಂದು ಕಾಲಿಗೇ ಅಭ್ಯಾಸವಾಗಿರುತ್ತದೆ. ಹೊಸ ರೂಮಿನಲ್ಲಿ ಆ ಅಭ್ಯಾಸ ಇರುವುದಿಲ್ಲ, ಅಲ್ವಾ?

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಅಪ್ಪನವರನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಸವರಬೇಡಿ. ಎರಡೂ ಪಾದ ಸೇರಿ 6 ಜಾಗ. ಮುಟ್ಟಿದ್ದು ಗೊತ್ತಾದಾಗ ಬಲ ಅಥವಾ ಎಡ ಎಂದು ಅವರು ಹೇಳಬೇಕು. ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಆ ಪಾದಗಳಿಗೆ ಅಪಾಯವಿದೆ ಎಂದೇ ತಿಳಿಯಿರಿ. ಇದು ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯಲ್ಲಿ ರೂಪುಗೊಂಡ ಪರೀಕ್ಷೆ, ಯಾವ ಉಪಕರಣವೂ ಬೇಡ. ಆಸ್ಪತ್ರೆಯಲ್ಲಾದರೆ 10 ಗ್ರಾಂ ಒತ್ತಡ ಕೊಡುವ ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತೇವೆ. ಹೊರಡುವ ಮೊದಲು ಅದನ್ನೂ ಮಾಡಿಸಿ.

ಈ ಪರೀಕ್ಷೆಗೆ ಇನ್ನೊಂದು ಉಪಯೋಗವೂ ಇದೆ. ಚಪ್ಪಲಿ ಬೇಡ ಅನ್ನುವ ಹಿರಿಯರಿಗೆ ನಾವು ಎಷ್ಟು ಹೇಳಿದರೂ ಅದು ಉಪದೇಶದಂತೆ ಕೇಳಿಸುತ್ತದೆ. ಮಗ ಅಥವಾ ಮಗಳು ಬೆರಳು ಮುಟ್ಟಿದ್ದು ತನಗೆ ತಿಳಿಯಲೇ ಇಲ್ಲ ಎಂದು ಗೊತ್ತಾದಾಗ ಅವರೇ ಸುಮ್ಮನಾಗಿ ಯೋಚಿಸುತ್ತಾರೆ. ಆಗ ಮಾತಾಡಿ.

ಅವರು ಒಪ್ಪದೇ ಇರುವುದರಲ್ಲಿ ತಪ್ಪೇನೂ ಇಲ್ಲ. ಒಳಗೆ ಚಪ್ಪಲಿ ಹಾಕುವುದು ನಮ್ಮ ಮನೆಗಳಲ್ಲಿ ಅಸಹ್ಯ. ಬೀದಿಯ ಕೊಳೆ ಒಳಗೆ ಬರಬಾರದು ಎನ್ನುವುದು ಒಳ್ಳೆಯ ರೂಢಿಯೇ. ಆದ್ದರಿಂದ ರೂಮಿಗೆಂದೇ ಬೇರೆ ಒಂದು ಜೊತೆ ಹೊಸದಾಗಿ ತನ್ನಿ. ಅದು ಒಂದು ದಿನವೂ ಬೀದಿಗೆ ಇಳಿಯಬಾರದು. ಪ್ರವಾಸಕ್ಕೆ ಎರಡು ವಾರ ಮೊದಲೇ ಮನೆಯೊಳಗೆ ಹಾಕಿಸಲು ಶುರು ಮಾಡಿ. ಮೊದಲ ದಿನ ಅರ್ಧ ಗಂಟೆ ಸಾಕು. ತೆಗೆದ ಮೇಲೆ ಎಲ್ಲಾದರೂ ಕೆಂಪಾಗಿದೆಯೇ ನೋಡಿ. ಬೆಳಿಗ್ಗೆ ಪೂಜೆ, ಸಂಧ್ಯಾವಂದನೆ ಇದ್ದರೆ ಕುರ್ಚಿಯ ಮೇಲೆ ಕೂತು, ಚಪ್ಪಲಿ ತೆಗೆದು, ಕಾಲನ್ನು ಒಣಗಿದ ಟವೆಲ್ ಮೇಲೆ ಇಟ್ಟುಕೊಳ್ಳಲಿ. ಗಟ್ಟಿ ನೆಲದ ಮೇಲೆ ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲಿನ ಹೊರಗಂಟಿನ ಮೇಲೆ ಒತ್ತಡ ಬಿದ್ದು ಅಲ್ಲೂ ಹುಣ್ಣಾಗುತ್ತದೆ.

ಯಾವ ಚಪ್ಪಲಿ? ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಎಂದು ಕೇಳಿ. ಮೆತ್ತನೆಯ ರಬ್ಬರಿನ ಪದರ ಒಳಗಿರುತ್ತದೆ, ಚುಚ್ಚುವ ವಸ್ತು ತೂರದಂಥ ಗಟ್ಟಿ ತಳ ಹೊರಗಿರುತ್ತದೆ. ಹಿಂದೆ ಪಟ್ಟಿ ಇರಬೇಕು, ವೆಲ್ಕ್ರೋ ಇರಬೇಕು. ಹೆಬ್ಬೆರಳ ಸಂದಿಯಲ್ಲಿ ಬಾರು ಬರುವ ಹವಾಯಿ ಚಪ್ಪಲಿ ಬೇಡವೇ ಬೇಡ. ಆ ಬಾರು ಉಜ್ಜಿ ಆದ ಗಾಯ ನಾನು ಜಾಸ್ತಿ ನೋಡಿದ್ದೇನೆ. ಬರೀ ಸಾಕ್ಸ್ ಹಾಕಿಕೊಂಡು ಟೈಲ್ಸ್ ಮೇಲೆ ನಡೆಯುವುದೂ ಬೇಡ, ಅದು ಜಾರುತ್ತದೆ. ಚಪ್ಪಲಿಯ ಜೊತೆ ಹಾಕುವ ಸಾಕ್ಸ್ ಬಿಳಿಯದೇ ಇರಲಿ. ರಕ್ತವೋ ಕೀವೋ ಬಂದರೆ ಕಲೆ ಕಾಣುತ್ತದೆ.

ಈ ಎಂಸಿಆರ್ ಚಪ್ಪಲಿಯನ್ನು ನಮ್ಮ ದೇಶದಲ್ಲಿ ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರಿಗೆ ಬಹಳ ಕಾಲದಿಂದ ಕೊಡುತ್ತಾ ಬಂದಿದ್ದಾರೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ 1946ರಲ್ಲಿ ಬಂದ ಡಾ. ಪಾಲ್ ಬ್ರ್ಯಾಂಡ್ ಅವರು ಆ ರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಗಮನಿಸಿದರು. ರೋಗವೇ ಬೆರಳನ್ನು ತಿಂದುಹಾಕುತ್ತದೆ ಎಂದು ಜನ ನಂಬಿದ್ದ ಕಾಲ ಅದು. ನೋವು ತಿಳಿಯದ ಕಾರಣ ದಿನದಿನವೂ ಆಗುವ ಸುಟ್ಟಗಾಯ, ಉಜ್ಜಿದ ಗಾಯ, ಚುಚ್ಚಿದ ಗಾಯಗಳಿಂದಲೇ ಬೆರಳು ಹೋಗುತ್ತದೆ ಎಂದು ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದವರ ಬೆರಳನ್ನು ಇಲಿ ಕಡಿದರೂ ಎಚ್ಚರವಾಗುತ್ತಿರಲಿಲ್ಲ. ಶುಗರಿನಿಂದ ನರ ಸೋತ ಪಾದದ ಕಥೆಯೂ ಇದೇ. ಹಳೆಯ ಲಾಡ್ಜ್, ಛತ್ರ, ತೋಟದ ಹೋಂಸ್ಟೇಗಳಲ್ಲಿ ಉಳಿಯುವವರು ಕಾಲಿಗೆ ಸಾಕ್ಸ್ ಹಾಕಿ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡೇ ಮಲಗಬೇಕು. ಬೆಳಿಗ್ಗೆ ಶೂ ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಬೇಕು. ಮಲೆನಾಡಿನ ಕಡೆ ಚೇಳು, ಜರಿ ಸೇರಿಕೊಂಡಿರುವುದು ಹೊಸತಲ್ಲ.

ಈಗ ಬಿಸಿನೀರಿನ ವಿಷಯ. ನನಗೆ ಅತಿ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆ. ದೊಡ್ಡ ಹೋಟೆಲುಗಳಲ್ಲಿ ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿ ಅಥವಾ ಹೆಚ್ಚಿಗೆ ಇಡುವುದು ರೂಢಿ, ನೀರಿನಲ್ಲಿ ಲೀಜಿಯೊನೆಲ್ಲ ಎನ್ನುವ ಬ್ಯಾಕ್ಟೀರಿಯಾ ಬೆಳೆಯಬಾರದು ಎಂದು. ಅಷ್ಟು ಬಿಸಿಯ ನೀರು ನೇರವಾಗಿ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಆಳವಾಗಿ ಸುಡುತ್ತದೆ. ನಮಗಾದರೆ ಕಾಲು ತಾನಾಗಿ ಹಿಂದಕ್ಕೆ ಬರುತ್ತದೆ. ಅವರಿಗೆ ಬರುವುದಿಲ್ಲ. ಒಂದೇ ಹಿಡಿಯ ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ಬಿಸಿ ಎನ್ನುವುದು ಒಂದೊಂದು ಹೋಟೆಲಿನಲ್ಲಿ ಒಂದೊಂದು ಥರ. ಶವರ್ ಬಿಟ್ಟುಬಿಡಿ. ಹೌಸ್‌ಕೀಪಿಂಗ್‌ನವರಿಗೆ ಫೋನ್ ಮಾಡಿ ಬಕೆಟ್, ಮಗ್ ಮತ್ತು ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲ್ ಕೇಳಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನೀವೋ ಅಮ್ಮನವರೋ ಮೊಣಕೈ ಅದ್ದಿ ನೋಡಿ. ನೀರು 37 ಡಿಗ್ರಿಗಿಂತ ಕಡಿಮೆ ಇರಬೇಕು, ಅಂದರೆ ಮೊಣಕೈಗೆ ಬಿಸಿ ಅನ್ನಿಸಲೇಬಾರದು. ಅಪ್ಪನವರ ಕಾಲನ್ನೇ ನಂಬಿ "ಬಿಸಿ ಸರಿ ಇದೆಯಾ" ಎಂದು ಕೇಳಬೇಡಿ.

ಊರೆಲ್ಲ ಸುತ್ತಿ ಬಂದ ಸಂಜೆ ಬಕೆಟ್ಟಿನಲ್ಲಿ ಬಿಸಿನೀರು, ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂರುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಪ್ರೀತಿಯಿಂದ ಮಾಡಿಕೊಡುವ ಉಪಚಾರ ಅದು. ದಯವಿಟ್ಟು ಮಾಡಬೇಡಿ. ಎರಡೂ ಪಾದ ಬೊಬ್ಬೆ ಎದ್ದು ಬಂದವರಿಗೆ ನಾನು ತಿಂಗಳುಗಟ್ಟಲೆ ಡ್ರೆಸಿಂಗ್ ಮಾಡಿದ್ದೇನೆ. ಹಾಟ್ ವಾಟರ್ ಬ್ಯಾಗ್, ಊಟಿ ಮಡಿಕೇರಿಯ ಚಳಿಗೆ ಕಾಲ ಬಳಿ ಇಡುವ ಹೀಟರ್, ಇವೂ ಬೇಡ. ಚಳಿಯಾದರೆ ಎರಡು ಕಂಬಳಿ ಹೊದಿಸಿ.

ಸ್ನಾನವಾದ ಮೇಲೆ ಬೆರಳ ಸಂದಿಗಳನ್ನು ಒತ್ತಿ ಒತ್ತಿ ಒರೆಸಬೇಕು. ತೇವ ಉಳಿದರೆ ಕೆಸರುಹುಣ್ಣು ಬರುತ್ತದೆ. ಅದನ್ನು ತರುವ ಶಿಲೀಂಧ್ರ ಒದ್ದೆ ನೆಲದಿಂದಲೂ, ಮತ್ತೊಬ್ಬರು ಹಾಕಿದ ಚಪ್ಪಲಿಯಿಂದಲೂ ಹತ್ತುತ್ತದೆ. ಹಾಗಾಗಿ ಈ ಒಂದು ಕಾರಣಕ್ಕೆ ಶುಗರ್ ಇಲ್ಲದ ನೀವೂ ಬಾತ್‌ರೂಮಿಗೆ ಸ್ವಂತ ರಬ್ಬರ್ ಚಪ್ಪಲಿ ಒಯ್ಯಿರಿ. ಎಸಿ ಗಾಳಿಗೆ ಹಿಮ್ಮಡಿ ಒಡೆಯುವುದಾದರೆ ಕೊಬ್ಬರಿ ಎಣ್ಣೆಯೋ ಕ್ರೀಮೋ ಮಲಗುವ ಮುಂಚೆ ಹಚ್ಚಿ, ಬೆರಳ ಸಂದಿಗೆ ಬೇಡ. ಎಣ್ಣೆ ಕಾಲಲ್ಲಿ ನೆಲಕ್ಕೆ ಇಳಿಯಬಾರದು. ಸಾಕ್ಸ್ ಹಾಕಿಸಿ.

ರಾತ್ರಿ ಇನ್ನೊಂದು ಸಮಸ್ಯೆ. ಶುಗರ್ ಇರುವವರು ಮೂತ್ರಕ್ಕೆ ಮತ್ತೆ ಮತ್ತೆ ಏಳುತ್ತಾರೆ. ಹೊಸ ಜಾಗ, ಕತ್ತಲೆ, ನಿದ್ದೆಗಣ್ಣು. ಹೋಟೆಲಿನ ಮಂಚಗಳಿಗೆ ಹಾಸಿಗೆಗಿಂತ ಹೊರಕ್ಕೆ ಚಾಚಿದ ಮರದ ಕಟ್ಟು ಇರುತ್ತದೆ. ಬೆರಳು ಹೋಗಿ ಅಲ್ಲೇ ಹೊಡೆಯುತ್ತದೆ. ರೂಮಿಗೆ ಹೋದ ಕೂಡಲೇ ಸೂಟ್‌ಕೇಸ್, ಟೀಪಾಯಿ ಎಲ್ಲ ಗೋಡೆಗೆ ಸರಿಸಿ ಮಂಚದಿಂದ ಬಾತ್‌ರೂಮಿಗೆ ದಾರಿ ಮಾಡಿ. ಬಾತ್‌ರೂಮಿನ ದೀಪ ಹಾಕಿ ಬಾಗಿಲು ಸ್ವಲ್ಪ ತೆರೆದಿಡಿ. ಚಪ್ಪಲಿ ಕಾಲು ಇಳಿಯುವ ಜಾಗದಲ್ಲೇ ಇರಲಿ. ಎದ್ದ ತಕ್ಷಣ ನಿಲ್ಲದೆ, ಒಂದು ನಿಮಿಷ ಅಂಚಿನಲ್ಲಿ ಕೂತು ಎರಡೂ ಪಟ್ಟಿ ಹಾಕಿಕೊಂಡು ಏಳಲಿ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಶುಗರ್ ಇದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಹಾಗಿರುವಾಗ ಒಂದು ಪುಟ್ಟ ರಾತ್ರಿದೀಪ, ಜಾರದ ರಬ್ಬರ್ ಚಾಪೆ, ಕೂರಲು ಒಂದು ಸ್ಟೂಲು ಪ್ರತಿ ರೂಮಿನಲ್ಲೂ ಕೇಳದೆಯೇ ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಈಗಂತೂ ಕೇಳಿ ತರಿಸಿಕೊಳ್ಳಲೇಬೇಕು.

ಹಡಗಿಗೆ ಬಂದರೆ ಜಾಗ ಇನ್ನೂ ಇಕ್ಕಟ್ಟು. ಕ್ಯಾಬಿನ್ನಿನ ಬಾತ್‌ರೂಮಿಗೆ ಹೊಸ್ತಿಲು ಎತ್ತರ ಇರುತ್ತದೆ, ನೀರು ಹೊರಗೆ ಹರಿಯದಿರಲೆಂದು. ಡೆಕ್ಕಿಗೆ ಹೋಗುವ ಬಾಗಿಲುಗಳಲ್ಲೂ, ಬಾಲ್ಕನಿ ಬಾಗಿಲಿನಲ್ಲೂ ಹೀಗೇ ಎತ್ತರದ ಅಂಚು ಇರಬಹುದು. ಹಡಗು ತೂಗುವಾಗ ಹೆಜ್ಜೆ ಅಂದಾಜಿಗೆ ಸಿಗುವುದಿಲ್ಲ. ಮೊದಲ ದಿನವೇ ಹೊಸ್ತಿಲಿನ ಅಂಚಿಗೆ ಬಿಳಿ ಟೇಪಿನ ತುಂಡು ಅಂಟಿಸಿ, ಕ್ಯಾಬಿನ್ ನೋಡಿಕೊಳ್ಳುವ ಸಿಬ್ಬಂದಿಗೆ ಕಾರಣ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಬಾತ್‌ರೂಮಿಗೆ ಹೋಗುವಾಗ ಒಂದು ಕೈ ಹಿಡಿಕೆಯ ಮೇಲಿರಲಿ. ಮಧ್ಯಾಹ್ನ ಡೆಕ್ಕಿನ ನೆಲ ಕಾದಿರುತ್ತದೆ. ಈಜುಕೊಳದ ಸುತ್ತ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ ಎಂದು ಇವರೂ ಹೊರಡಬಾರದು.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ಸಾಮಾನ್ಯವಾಗಿ ದೂರದಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಅಲ್ಲಿನ ಬಿಳಿ ಮರಳಲ್ಲಿ ಹವಳದ ಚೂರುಗಳಿರುತ್ತವೆ, ಬ್ಲೇಡಿನಷ್ಟು ಹರಿತ. ಬೆರಳು ಮುಚ್ಚುವ ಶೂ ಹಾಕಿಯೇ ಇಳಿಯಲಿ. ಕಾಲಿನಲ್ಲಿ ಸಣ್ಣ ಬಿರುಕು, ಗಾಯ ಇದ್ದರೂ ಸಮುದ್ರಕ್ಕೆ ಕಾಲು ಹಾಕುವುದು ಬೇಡ. ಬೆಚ್ಚನೆಯ ಉಪ್ಪುನೀರಿನಲ್ಲಿ ವಿಬ್ರಿಯೊ ಎನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದರ ಒಂದು ಜಾತಿ ಗಾಯದ ಮೂಲಕ ಒಳಹೊಕ್ಕರೆ ಶುಗರ್ ಇರುವವರಲ್ಲಿ ಬೇಗ ಉಲ್ಬಣಿಸಬಹುದು. ಆಸೆಪಟ್ಟು ಹೋದವರಿಗೆ ಇದನ್ನು ಹೇಳಲು ನನಗೂ ಬೇಜಾರು. ದಡದಲ್ಲಿ ನೆರಳಿನಲ್ಲಿ ಕೂತು ನೋಡಿದರೂ ಆ ನೀರಿನ ಬಣ್ಣ ಚೆನ್ನಾಗಿಯೇ ಕಾಣುತ್ತದೆ.

ಪ್ರತಿ ರಾತ್ರಿ ಮಲಗುವ ಮೊದಲು ಅವರ ಪಾದ ನೋಡಿ. ಬಗ್ಗಿ ನೋಡಿಕೊಳ್ಳುವುದು ಅವರಿಗೆ ಕಷ್ಟ, ಕಣ್ಣೂ ಮಂಜಾಗಿರಬಹುದು. ಅಂಗಾಲು, ಹಿಮ್ಮಡಿ, ಬೆರಳ ಸಂದಿಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ನಿನ್ನೆಯದಕ್ಕೂ ಇವತ್ತಿನದಕ್ಕೂ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ಬೊಬ್ಬೆ ಕಂಡರೆ ಒಡೆಯಬೇಡಿ, ಆಣಿ ಕಂಡರೆ ಬ್ಲೇಡ್ ಹಾಕಬೇಡಿ. ಗಾಯ ಕಂಡರೆ ಶುದ್ಧ ನೀರಿನಲ್ಲಿ ತೊಳೆದು, ಸ್ಟೆರೈಲ್ ಗಾಜ್ ಬಟ್ಟೆ ಇಟ್ಟು, ಪೇಪರ್ ಟೇಪಿನಿಂದ ಸಡಿಲವಾಗಿ ಅಂಟಿಸಿ. ಕಾಫಿ ಪುಡಿ, ಅರಿಶಿನ, ಟೂತ್‌ಪೇಸ್ಟ್ ಯಾವುದೂ ಬೇಡ. ಆ ಕಾಲಿನ ಮೇಲೆ ಭಾರ ಹಾಕಿ ನಡೆಸಬೇಡಿ. ನೋವಿಲ್ಲ ಎಂದರೂ ಅದೇ ದಿನ ಹಡಗಿನ ವೈದ್ಯರಿಗೆ ತೋರಿಸಿ. ಸುತ್ತ ಕೆಂಪು ಹರಡುತ್ತಿದ್ದರೆ, ವಾಸನೆ ಬಂದರೆ, ಕಪ್ಪಾದರೆ, ಜ್ವರ ಬಂದರೆ ಊರಿಗೆ ಬರುವ ತನಕ ಕಾಯಬಾರದು. ಮುಂದಿನ ಬಂದರಿನಲ್ಲೇ ಇಳಿದು ಸರ್ಜನ್ ಇರುವ ಆಸ್ಪತ್ರೆಗೆ ಹೋಗಬೇಕು. ಅದಕ್ಕಾಗಿ ಅವರ ಮಾತ್ರೆ ಇನ್ಸುಲಿನ್‌ಗಳ ಪಟ್ಟಿ, ಇತ್ತೀಚಿನ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್ ಮತ್ತು ಡಾಕ್ಟರ ಫೋನ್ ನಂಬರನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ನಡುಸಮುದ್ರದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ.