ಕೇಳುವ ಸ್ಪೀಕರ್, ನೋಡುವ ಟಿ.ವಿ.

ಪ್ರಶ್ನೆ: ನಮ್ಮ ತಾಯಿಗೆ ಕಣ್ಣು ಮಂಜಾಗಿದೆ. ಮಾತಿಗೆ ಉತ್ತರಿಸುವ ಸ್ಪೀಕರ್ ತಂದ ಮೇಲೆ ಗಂಟೆ ಎಷ್ಟಾಯಿತೆಂದು ತಿಳಿಯುವುದು, ಹಾಡು ಹಾಕಿಸಿಕೊಳ್ಳುವುದು, ಮಾತ್ರೆಯ ಹೊತ್ತಿಗೆ ಅಲಾರಂ ಇಡುವುದು ಎಲ್ಲವನ್ನೂ ಅವರೇ ಮಾಡಿಕೊಳ್ಳುತ್ತಾರೆ. ಅದು ಮನೆಯ ಮಾತನ್ನೆಲ್ಲ ಕದ್ದು ಕೇಳುತ್ತದೆ, ತೆಗೆದುಹಾಕಿ ಎಂದು ನನ್ನ ತಮ್ಮ ಹಟ ಹಿಡಿದಿದ್ದಾನೆ. ಏನು ಮಾಡಲಿ?

ಉತ್ತರ: ಸ್ಪೀಕರ್ ಇರಲಿ. ನಿಮ್ಮ ತಮ್ಮನ ಅನುಮಾನದಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದೆಂದು ತಿಳಿದರೆ ಉಪಕರಣವನ್ನು ಇಟ್ಟುಕೊಂಡೇ ಎಚ್ಚರದಿಂದಿರಬಹುದು. ಇಂತಹ ಸ್ಪೀಕರ್‌ನ ಮೈಕ್ ಸದಾ ತೆರೆದಿರುತ್ತದೆ. ಆದರೆ ತನ್ನನ್ನು ಕರೆಯುವ ಹೆಸರು ಬಂದಿತೇ ಎಂಬುದನ್ನು ಅದು ತನ್ನೊಳಗೇ ಪರೀಕ್ಷಿಸಿಕೊಳ್ಳುತ್ತದೆ. ಬಂದಿತೆಂದು ಕಂಡಾಗ ಮಾತ್ರ ನಂತರದ ಮಾತನ್ನು ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ತೊಂದರೆಯೆಂದರೆ, ಧಾರಾವಾಹಿಯ ಸಂಭಾಷಣೆಯಲ್ಲೋ ಮನೆಯವರ ಜಗಳದಲ್ಲೋ ಆ ಹೆಸರಿಗೆ ಹತ್ತಿರದ ಸದ್ದು ಕೇಳಿಸಿದರೂ ಅದು ಎಚ್ಚೆತ್ತುಕೊಳ್ಳಬಹುದು, ಆಗ ಯಾರಿಗೂ ಕೇಳಿಸಬಾರದಿದ್ದ ಮಾತೂ ಹೊರಗೆ ಹೋಗುತ್ತದೆ.

ಹೋದ ಮಾತು ಅಲ್ಲಿ ಏನಾಗುತ್ತದೆ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಅಮೆಜಾನ್, ಗೂಗಲ್ ಮತ್ತು ಆಪಲ್ ಕಂಪನಿಗಳ ಧ್ವನಿ ಸಹಾಯಕಗಳಿಗೆ ಜನರು ಆಡಿದ ಮಾತುಗಳಲ್ಲಿ ಒಂದು ಪಾಲನ್ನು ಗುಣಮಟ್ಟ ಸುಧಾರಣೆಗೆಂದು ನೌಕರರೂ ಗುತ್ತಿಗೆ ಕೆಲಸಗಾರರೂ ಕುಳಿತು ಕೇಳುತ್ತಿದ್ದರೆಂಬುದು 2019ರಲ್ಲಿ ಪತ್ರಿಕಾ ವರದಿಗಳಿಂದ ಬಯಲಾಯಿತು. ಅದಾದ ಮೇಲೆ ಆಪಲ್, ಬಳಕೆದಾರರು ತಾವಾಗಿ ಒಪ್ಪಿದರಷ್ಟೇ ಕೇಳುತ್ತೇವೆಂದು ನಿಯಮ ಬದಲಿಸಿತು. ಮಕ್ಕಳ ಧ್ವನಿ ದಾಖಲೆಗಳನ್ನು ಅಳಿಸಿ ಎಂದು ಹೆತ್ತವರು ಕೇಳಿದರೂ ಪೂರ್ತಿ ಅಳಿಸಲಿಲ್ಲವೆಂಬ ಆರೋಪದ ಪ್ರಕರಣದಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡ ಕಟ್ಟಲು 2023ರಲ್ಲಿ ಒಪ್ಪಿಕೊಂಡಿತು.

ಆದ್ದರಿಂದ ಫೋನಿನಲ್ಲಿರುವ ಸ್ಪೀಕರ್‌ನ ಆ್ಯಪ್ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ, ರೆಕಾರ್ಡಿಂಗ್‌ಗಳನ್ನು ಉಳಿಸಿಕೊಳ್ಳಬಾರದೆಂದು ಅಥವಾ ಮೂರು ತಿಂಗಳಾದೊಡನೆ ತಾನಾಗಿ ಅಳಿಸಬೇಕೆಂದು ಗೊತ್ತುಪಡಿಸಿ. ಈಗಾಗಲೇ ಉಳಿದಿರುವ ಹಳೆಯ ರೆಕಾರ್ಡಿಂಗ್‌ಗಳನ್ನು ಒಮ್ಮೆ ಕೂತು ಕೇಳಿ ನೋಡಿ. ಉಪಕರಣ ಎಷ್ಟು ಬಾರಿ ತಪ್ಪಾಗಿ ಎಚ್ಚೆತ್ತಿದೆಯೆಂಬುದು ತಮ್ಮನಿಗೂ ನಿಮಗೂ ಅಲ್ಲೇ ಗೊತ್ತಾಗುತ್ತದೆ. ಮನೆಯಲ್ಲಿ ಗುಟ್ಟಿನ ಮಾತುಕತೆ ಇದ್ದಾಗ ಸ್ಪೀಕರ್ ಮೇಲಿನ ಮೈಕ್ ಮುಚ್ಚುವ ಗುಂಡಿಯನ್ನು ಒತ್ತಿಡಿ. ಒಮ್ಮೆ ಸರಿಪಡಿಸಿದ ಸೆಟ್ಟಿಂಗ್ ಹಾಗೆಯೇ ಇರುತ್ತದೆಂದು ಮಾತ್ರ ನಂಬಬೇಡಿ: ಅಮೆಜಾನ್‌ನ ಕೆಲವು ಎಕೋ ಸ್ಪೀಕರ್‌ಗಳಲ್ಲಿ ಧ್ವನಿಯನ್ನು ಸರ್ವರ್‌ಗೆ ಕಳಿಸದಿರುವ ಆಯ್ಕೆಯೊಂದಿತ್ತು, 2025ರ ಮಾರ್ಚ್‌ನಲ್ಲಿ ಕಂಪನಿ ಅದನ್ನೇ ತೆಗೆದುಬಿಟ್ಟಿತು.

ಇನ್ನೊಂದು ಮಾತು. ಅಕ್ಕ ತಮ್ಮಂದಿರು ಇಷ್ಟು ವಾದ ಮಾಡುತ್ತಿದ್ದೀರಿ, ಆದರೆ ಆ ಸ್ಪೀಕರ್‌ನೊಂದಿಗೆ ದಿನವಿಡೀ ಮಾತಾಡುವ ತಾಯಿಗೆ ಇದನ್ನೆಲ್ಲ ಹೇಳಿದ್ದೀರೆಂದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಯಾರ ಹಂಗಿಲ್ಲದೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದು ಅವರಿಗೆ ಎಷ್ಟು ದೊಡ್ಡದು, ಅದಕ್ಕಾಗಿ ಎಷ್ಟನ್ನು ಬಿಟ್ಟುಕೊಡಬಹುದು ಎಂಬ ತೀರ್ಮಾನ ಅವರದೇ ಆಗಬೇಕು.

ಪ್ರಶ್ನೆ: ಹೊಸ ಸ್ಮಾರ್ಟ್ ಟಿ.ವಿ. ಜೋಡಿಸುವಾಗ ಬಂದ ಷರತ್ತುಗಳಿಗೆಲ್ಲ ಒಪ್ಪಿಗೆ ಒತ್ತಿದ್ದೇನೆ. ಅದಕ್ಕೆ ಕ್ಯಾಮೆರಾ ಇಲ್ಲವಾದ್ದರಿಂದ ಚಿಂತೆಯಿಲ್ಲ ಅಲ್ಲವೇ?

ಉತ್ತರ: ನಿಮ್ಮನ್ನು ಗಮನಿಸಲು ಅದಕ್ಕೆ ಕ್ಯಾಮೆರಾ ಬೇಕಿಲ್ಲ. ಪರದೆಯ ಮೇಲೆ ಮೂಡುವ ಚಿತ್ರದ ಚೂರುಗಳನ್ನು ಆಗಾಗ ಎತ್ತಿಕೊಂಡು, ಸರ್ವರ್‌ನಲ್ಲಿರುವ ಸಂಗ್ರಹದೊಂದಿಗೆ ಹೋಲಿಸಿ, ನೀವು ಯಾವ ಕಾರ್ಯಕ್ರಮವನ್ನು ಎಷ್ಟು ಹೊತ್ತು ನೋಡಿದಿರೆಂದು ಗುರುತಿಸುವ ತಂತ್ರಜ್ಞಾನ ಅನೇಕ ಟಿ.ವಿ.ಗಳಲ್ಲಿದೆ. ಕೇಬಲ್‌ನಿಂದ ಬಂದ ಚಿತ್ರವಾದರೂ, ಡಿವಿಡಿಯಿಂದ ಬಂದದ್ದಾದರೂ ಅದಕ್ಕೆ ಒಂದೇ. ವಿಜಿಯೋ ಎಂಬ ಅಮೆರಿಕನ್ ಕಂಪನಿ ಹೀಗೆ 1.1 ಕೋಟಿ ಟಿ.ವಿ.ಗಳಿಂದ ನೋಡುಗರ ಒಪ್ಪಿಗೆಯಿಲ್ಲದೆ ಮಾಹಿತಿ ಸಂಗ್ರಹಿಸಿ ಮಾರಿತೆಂಬ ಪ್ರಕರಣವನ್ನು 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ನೋಡಿದ ಕಾರ್ಯಕ್ರಮದ ಜೊತೆಗೆ ಆ ಮನೆಯವರ ವಯಸ್ಸು, ಆದಾಯದಂತಹ ವಿವರಗಳನ್ನೂ ಜೋಡಿಸಲು ಅನುವು ಮಾಡಿಕೊಡಲಾಗಿತ್ತೆಂಬುದು ಆರೋಪ.

ಸ್ಪೀಕರ್‌ನ ವಿಷಯದಲ್ಲಿ ತೂಗಿ ನೋಡಲು ಎರಡು ತಟ್ಟೆಗಳಾದರೂ ಇದ್ದವು. ಇಲ್ಲಿ ಬಳಕೆದಾರರ ಪಾಲಿಗೆ ಹೇಳಿಕೊಳ್ಳುವಂತಹ ಅನುಕೂಲವೇ ಇಲ್ಲ, ಇದನ್ನು ನಿಲ್ಲಿಸಿದರೂ ಚಿತ್ರ ಮೊದಲಿನಂತೆಯೇ ಬರುತ್ತದೆ. ‘ವ್ಯೂಯಿಂಗ್ ಇನ್ಫರ್ಮೇಶನ್’, ‘ಲೈವ್ ಪ್ಲಸ್’ ಮುಂತಾದ ಸಾಧು ಹೆಸರುಗಳಲ್ಲಿ ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಅಡಗಿರುತ್ತದೆ, ಹುಡುಕಿ ಆಫ್ ಮಾಡಿ.

ಪ್ರಶ್ನೆ: ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳನ್ನು ಕೇಳಿದರೆ ಕೊಡುತ್ತೇನೆ. ಪರಿಚಿತರು ತಕ್ಷಣ ಸಿಗುತ್ತಾರೆ. ಮುಚ್ಚಿಡುವಂಥದ್ದು ನನ್ನಲ್ಲೇನೂ ಇಲ್ಲ.

ಉತ್ತರ: ನಿಮ್ಮಲ್ಲಿ ಇಲ್ಲದಿರಬಹುದು, ಆದರೆ ನೀವು ಕೊಡುತ್ತಿರುವುದು ಬೇರೆಯವರ ನಂಬರು. ಸ್ನೇಹಿತರೊಬ್ಬರ ಹೆಸರಿನ ಮುಂದೆ ‘ಹಳೇ ಆಫೀಸ್’ ಎಂದೋ, ಮತ್ತೊಂದು ನಂಬರಿಗೆ ‘ಡೈವೋರ್ಸ್ ಲಾಯರ್’ ಎಂದೋ ಬರೆದುಕೊಂಡಿದ್ದರೆ ಆ ಬರಹವೂ ನಂಬರಿನ ಜೊತೆಗೇ ಹೋಗಬಹುದು. ಅವರು ಆ ಆ್ಯಪ್ ಬಳಸದವರಾದರೂ ನಿಮ್ಮಂತಹ ಹಲವರ ಫೋನುಗಳಿಂದ ಅವರ ಚಿತ್ರಣವೊಂದು ಅಲ್ಲಿ ರೂಪುಗೊಳ್ಳಲು ಸಾಧ್ಯ. ಫೇಸ್‌ಬುಕ್‌ಗೆ ಸೇರದವರ ಮಾಹಿತಿಯನ್ನೂ ಭದ್ರತೆಯ ಕಾರಣಕ್ಕಾಗಿ ಸಂಗ್ರಹಿಸುತ್ತೇವೆಂದು ಮಾರ್ಕ್ ಝುಕರ್‌ಬರ್ಗ್ 2018ರಲ್ಲಿ ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲೇ ಹೇಳಿದ್ದರು. ಬೇಕಾದ ಒಂದೆರಡು ನಂಬರುಗಳನ್ನು ಕೈಯಾರೆ ಹಾಕಿಕೊಳ್ಳಿ. ಐಫೋನ್ ಇದ್ದರೆ, 2024ರಲ್ಲಿ ಬಂದ ಅದರ ತಂತ್ರಾಂಶ ಐಓಎಸ್ 18ರಿಂದೀಚೆಗೆ, ಆರಿಸಿದ ನಂಬರುಗಳನ್ನಷ್ಟೇ ಆ್ಯಪ್‌ಗೆ ತೋರಿಸುವ ಸೌಲಭ್ಯವಿದೆ.

ಪ್ರಶ್ನೆ: ಹವಾಮಾನದ ಆ್ಯಪ್ ನಾನಿರುವ ಸ್ಥಳವನ್ನು ಸದಾ ತಿಳಿಯುತ್ತಿರಲು ಅನುಮತಿ ಕೇಳುತ್ತದೆ. ಕೊಡಬಹುದೇ?

ಉತ್ತರ: ಬೇಡ. ಮಳೆ ಬರುತ್ತದೆಯೇ ಎಂದು ಹೇಳಲು ನೀವು ಯಾವ ಬೀದಿಯಲ್ಲಿದ್ದೀರೆಂಬುದು ಅದಕ್ಕೆ ಗೊತ್ತಿರಬೇಕಿಲ್ಲ. 2020ರ ಐಓಎಸ್ 14, 2021ರ ಆಂಡ್ರಾಯ್ಡ್ 12 ಬಂದಾಗಿನಿಂದ ಅಂದಾಜು ಸ್ಥಳವನ್ನಷ್ಟೇ ಕೊಡುವ ಆಯ್ಕೆಯಿದೆ; ಊರಿನ ಹೆಸರನ್ನು ಟೈಪ್ ಮಾಡಿದರೂ ಆಯಿತು. ದಾರಿ ತೋರಿಸುವ ಆ್ಯಪ್‌ಗೆ ನಿಖರ ಸ್ಥಳ ಬೇಕು, ಅದಕ್ಕೂ ‘ಬಳಸುವಾಗ ಮಾತ್ರ’ ಎಂಬ ಅನುಮತಿ ಸಾಕು. ಟಾರ್ಚ್ ಆ್ಯಪ್ ಏನಾದರೂ ಸ್ಥಳ ಕೇಳಿದರೆ ಅನುಮತಿಯ ಮಾತು ಬಿಡಿ, ಆ್ಯಪ್ಪನ್ನೇ ತೆಗೆದುಹಾಕಿ.