ಜಪ ಅನ್ನೋ ಚೀನೀ ಅಕ್ಷರದಲ್ಲಿ ‘ಈಗ’ ಯಾಕಿದೆ?

ಪ್ರಶ್ನೆ: ‘ನಿಯೆನ್’ (念) ಅನ್ನೋ ಚೀನೀ ಅಕ್ಷರದ ಟ್ಯಾಟೂ ಹಾಕಿಸಬೇಕು ಅಂತಿದ್ದೇನೆ. ಮೇಲೆ ‘ಈಗ’, ಕೆಳಗೆ ‘ಹೃದಯ’, ಅಂದ್ರೆ ಈ ಕ್ಷಣದಲ್ಲಿ ನೆಟ್ಟ ಮನಸ್ಸು, ಅದಕ್ಕೇ ಜಪಕ್ಕೂ ಇದೇ ಅಕ್ಷರ ಅಂತಾರೆ. ನಿಜಾನಾ?

ಉತ್ತರ: ಅರ್ಧ ನಿಜ. ಕೆಳಗಿನ ಹೃದಯ ಅರ್ಥಕ್ಕೆ. ಮೇಲಿನ ‘ಈಗ’ ಇರೋದು ಬರೀ ಉಚ್ಚಾರಣೆಗೆ. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಬರೆದ ನಿಘಂಟಿನಲ್ಲೇ ಇದು ಸ್ಪಷ್ಟವಾಗಿದೆ: ಅರ್ಥ ‘ಸದಾ ನೆನೆಯುವುದು’, ಮೇಲಿನ ಭಾಗ ಸದ್ದು ಸೂಚಿಸೋಕೆ. ದಕ್ಷಿಣ ಚೀನಾದ ಕ್ಯಾಂಟೊನೀಸ್ ಮಾತಾಡೋರ ಬಾಯಲ್ಲಿ ಕೇಳಿ, ‘ಈಗ’ಕ್ಕೆ ‘ಗಮ್’, ಈ ಅಕ್ಷರಕ್ಕೆ ‘ನಿಮ್’. ಕೊನೆಯ ‘ಮ್’ ಎರಡರಲ್ಲೂ ಹಾಗೇ ಉಳಿದಿದೆ. ಮ್ಯಾಂಡರಿನ್‌ನಲ್ಲಿ ಅದು ‘ನ್’ ಆಗಿಬಿಟ್ಟಿದೆ, ಅಷ್ಟೆ.

ಹಾಗಾದ್ರೆ ಜಪ ಎಲ್ಲಿಂದ ಬಂತು? ನನಗೆ ಇಷ್ಟವಾದ ಕಥೆ ಇದೇ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ನಮ್ಮ ‘ಸ್ಮೃತಿ’ಗೆ, ಅಂದ್ರೆ ನೆನೆಯೋದಕ್ಕೆ, ಈ ಹಳೇ ಪದವನ್ನೇ ಹಿಡಿದರು. ಬುದ್ಧನನ್ನು ನೆನೆಯುವುದು ‘ನಿಯೆನ್ ಫೋ’ ಆಯಿತು. ಮೊದಮೊದಲು ಅದು ಮನಸ್ಸಿನೊಳಗಿನ ಕೆಲಸ. ಕ್ರಿ.ಶ. 402ರಲ್ಲಿ ಚೀನಾದ ಲೂ ಬೆಟ್ಟದ ಮೇಲೆ ಹುಯಿಯುವಾನ್ ಭಿಕ್ಷು ತನ್ನ ಶಿಷ್ಯರನ್ನು ಕೂಡಿಸಿಕೊಂಡು ಅಮಿತಾಭ ಬುದ್ಧನ ಮುಂದೆ ಹರಕೆ ಹೊತ್ತಾಗಲೂ ಒತ್ತು ಧ್ಯಾನಕ್ಕೇ ಇತ್ತು. ಆಮೇಲೆ ಬಂದ ಶಾನ್‌ದಾವ್ (613–681) ಅನ್ನೋ ಭಿಕ್ಷು, ಬೌದ್ಧ ಗ್ರಂಥದಲ್ಲಿದ್ದ ‘ಹತ್ತು ನಿಯೆನ್’ ಅಂದ್ರೆ ಹತ್ತು ಸಲ ಬಾಯಿಬಿಟ್ಟು ಅಮಿತಾಭನ ಹೆಸರು ಹೇಳೋದು ಅಂತ ಅರ್ಥ ಮಾಡಿದ. ಓದು ಬಾರದವರಿಗೂ, ಹೊಲದಲ್ಲಿ ದುಡಿಯೋರಿಗೂ ಆಗುವಂಥ ದಾರಿ ಅದು. ಇವತ್ತಿಗೂ ‘ನಮೋ ಅಮಿತುವೋಫೋ’ (ಅಮಿತಾಭ ಬುದ್ಧನಿಗೆ ನಮಸ್ಕಾರ) ಅಂತ ಮಣಿ ಎಣಿಸೋರಿದ್ದಾರೆ. ಆ ಜಪಮಣಿಗೂ ‘ನಿಯೆನ್ ಝೂ’ ಅಂತಲೇ ಹೆಸರು.

ನಮಗಿದು ಹೊಸದೇನಲ್ಲ, ಅಲ್ವಾ? ‘ನಾಮಸ್ಮರಣೆ’ ಅಂದ್ರೆ ನೆನೆಯೋದು, ಆದ್ರೆ ಭಜನೆಗೆ ಕೂತವರು ಯಾರೂ ಸುಮ್ನೆ ಕೂತಿರಲ್ಲ!

ಕೆಲವರು ಎಡಕ್ಕೆ ಒಂದು ‘ಬಾಯಿ’ಯನ್ನೂ ಸೇರಿಸಿ ಬರೀತಾರೆ. ಆಗ ಅದು ಗಟ್ಟಿಯಾಗಿ ಓದೋದು. ಅದೇ ರೂಪ ಜಪಾನಿಗೆ ಹೋದ್ರೆ ನರಳೋದು, ಹಾಗಾಗಿ ಟ್ಯಾಟೂಗೆ ಅದು ಬೇಡ.

ಬಾಯಿ ಇಲ್ಲದ್ದೇ ಹಾಕಿಸಿ. ಒಟ್ಟು ಎಂಟು ಗೆರೆ, ಕೆಳಗಿನ ಹೃದಯದಲ್ಲಿ ಮೂರು ಚುಕ್ಕಿ, ಒಂದು ಕೊಕ್ಕೆ. ಚುಕ್ಕಿ ಒಂದೂ ತಪ್ಪದಂತೆ ನೋಡಿಕೊಳ್ಳಿ. ಒಂದೇ ಅಕ್ಷರ ಇರೋದ್ರಿಂದ ಚೀನೀಯರು ಜಪ ಅಂತಲೇ ಓದ್ತಾರೆ ಅನ್ನೋಹಾಗಿಲ್ಲ, ‘ಯಾರದೋ ನೆನಪು ಕಾಡ್ತಿದೆ’ ಅಂದುಕೊಳ್ಳೋದೇ ಜಾಸ್ತಿ. ಹಳೇ ಲೆಕ್ಕದ ಪುಸ್ತಕ ನೋಡಿದವರಾದ್ರೆ ‘ಇಪ್ಪತ್ತು’ ಅಂತಲೂ ಓದಿಯಾರು, ಆ ಅಂಕಿಗೂ ಇದೇ ಅಕ್ಷರ ಬರೆಯೋ ರೂಢಿ ಇತ್ತು.