ವಿಲನ್ ಮೊದಲು ನೆಟ್ಟಗೆ ನಿಲ್ಲಲಿ

ಆಟಿಕೆ ಮೇಜು: ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಮೇಡಂ, ನನಗೀಗ ನಲವತ್ತು ದಾಟಿದೆ. ಚಿಕ್ಕವನಿದ್ದಾಗ ದೂರದರ್ಶನದಲ್ಲಿ ಹೀ-ಮ್ಯಾನ್ ಕಾರ್ಟೂನ್ ಬರುತ್ತಿತ್ತು. ಆಗಲೂ ನನಗೆ ಅವನಿಗಿಂತ ಅವನ ವೈರಿ ಸ್ಕೆಲೆಟರ್ ಮೇಲೇ ಕಣ್ಣು. ಈಗ ಕೈಯಲ್ಲಿ ನಾಲ್ಕು ಕಾಸಿದೆ, ಅವನದೊಂದು ಬೊಂಬೆ ಕೊಳ್ಳೋಣ ಅಂತಿದ್ದೇನೆ. ಅಂಗಡಿಯಲ್ಲಿ ಎರಡು ಥರ ತೋರಿಸಿದರು. ದೊಡ್ಡದಕ್ಕೆ ಕೀಲು ಜಾಸ್ತಿ, ಅದೇ ಒಳ್ಳೆಯದು ಅಂದರು. ಹೌದಾ? ಗುಣಮಟ್ಟ ನೋಡೋದು ಹೇಗೆ? ಮನೆಯಾಕೆ ನಗುತ್ತಾಳೆ, ಅದು ಬೇರೆ ಮಾತು.
— ಹಳೇ ಅಭಿಮಾನಿ, ದಾವಣಗೆರೆ

ಉತ್ತರ: ನಗಲಿ ಬಿಡಿ. ಕೊಂಡು ತಂದ ಮೇಲೆ ಅವರೇ ಧೂಳು ಒರೆಸಿ ಇಡುತ್ತಾರೆ.

ನೀವು ನೋಡಿದ ಚಿಕ್ಕದು ‘ಒರಿಜಿನ್ಸ್’ ಸಾಲಿನದು ಇರಬೇಕು. ಐದೂವರೆ ಇಂಚು. ಮ್ಯಾಟೆಲ್ ಕಂಪನಿ 1982ರಲ್ಲಿ ತಂದ ಮೊದಲ ಬೊಂಬೆಯ ಅಳತೆ, ಮೈಕಟ್ಟು ಹಾಗೇ ಇಟ್ಟುಕೊಂಡು, ಕೀಲು ಮಾತ್ರ ಹೆಚ್ಚಿಸಿ 2020ರಲ್ಲಿ ಮತ್ತೆ ತಂದಿತು. ಇದರಲ್ಲಿ 16 ಕೀಲು. ದೊಡ್ಡದು ‘ಮಾಸ್ಟರ್‌ವರ್ಸ್’, 2021ರದ್ದು, ಏಳು ಇಂಚು. ಅದರಲ್ಲಿ 30 ಕೀಲು.

ಈ ಎಣಿಕೆ ನೋಡಿ ಮರುಳಾಗಬೇಡಿ. ಸ್ಕೆಲೆಟರ್ ಎದೆಗೆ ನೇರಳೆ ಕವಚ, ತಲೆಗೆ ಮುಸುಕು. ಕವಚ ತೊಡಿಸಿದ ಮೇಲೆ ಭುಜ ಮುಂದಕ್ಕೆ ಬರೋದೇ ಕಷ್ಟ. ಮುಸುಕು ಬೆನ್ನಿಗೆ ತಗಲಿ ತಲೆ ಮೇಲೆತ್ತೋಕೆ ಬಿಡೋದಿಲ್ಲ. ಡಬ್ಬಿ ಮೇಲೆ ಬರೆದ ಕೀಲು ಬೇರೆ, ಕೆಲಸಕ್ಕೆ ಬರುವ ಕೀಲು ಬೇರೆ. ನನ್ನ ಪ್ರಕಾರ ವಿಲನ್ ಎರಡು ಕೆಲಸ ಸರಿಯಾಗಿ ಮಾಡಿದರೆ ಸಾಕು. ಕಾಲು ಅಗಲಿಸಿ ನಿಲ್ಲಬೇಕು, ಕೋಲು ಬಿಗಿಯಾಗಿ ಹಿಡಿಯಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ನಿಲ್ಲೋದನ್ನು ಹೀಗೆ ನೋಡಿ. ಅಂಗಡಿಯಲ್ಲಿ ತೆರೆದಿಟ್ಟ ಪೀಸ್ ಇದ್ದರೆ ಗಾಜಿನ ಕೌಂಟರ್ ಮೇಲೆ ನಿಲ್ಲಿಸಿ, ಕಾಲುಗಳನ್ನು ಚೆನ್ನಾಗಿ ಅಗಲಿಸಿ. ಬಗ್ಗಿ ಪಾದದ ಮಟ್ಟದಲ್ಲಿ ಕಣ್ಣಿಟ್ಟು ನೋಡಿ. ಎರಡು ಅಂಗಾಲೂ ಪೂರ್ತಿ ಗಾಜಿಗೆ ಅಂಟಿಕೊಂಡಿರಬೇಕು. ಒಳ ಅಂಚು ಮಾತ್ರ ತಗಲಿ ಹೊರ ಅಂಚು ಎದ್ದಿದ್ದರೆ, ಆ ಕಣಕಾಲು ಪಕ್ಕಕ್ಕೆ ವಾಲೋದಿಲ್ಲ ಅಂತ ಅರ್ಥ. ಈಗ ನಿಂತರೂ ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ ಮೆದು ಪ್ಲಾಸ್ಟಿಕ್ ಇನ್ನಷ್ಟು ಮೆತ್ತಗಾಗಿ, ಒಂದು ದಿನ ಕಪಾಟಿನಿಂದ ಮುಗ್ಗರಿಸುತ್ತಾನೆ. ಪಕ್ಕದಲ್ಲಿರುವ ನಾಲ್ವರನ್ನೂ ಕೆಡವುತ್ತಾನೆ.

ಕೋಲಿನ ತುದಿಯಲ್ಲಿ ಟಗರಿನ ತಲೆಬುರುಡೆ ಇದೆ, ಹಾಗಾಗಿ ಭಾರವೆಲ್ಲ ಮೇಲ್ಗಡೆ. ಮುಷ್ಟಿ ಸಡಿಲ ಇದ್ದರೆ ಕೋಲು ಮೆಲ್ಲಗೆ ತಿರುಗಿ ಕೆಳಗಿಳಿಯುತ್ತದೆ. ಕೈಗೆ ಕೊಟ್ಟು, ತೋಳು ಎತ್ತಿ, ಮೆಲ್ಲಗೆ ಅಲ್ಲಾಡಿಸಿ ನೋಡಿ. ಕೋಲು ತುಸು ಬಾಗಿದ್ದರೆ ಮಾತ್ರ ಅದನ್ನೇ ದೊಡ್ಡ ದೋಷ ಮಾಡಬೇಡಿ. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೆಟ್ಟಗೆ ಹಿಡಿದು, ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ. ಬಿಗಿದುಕೊಂಡ ಕೀಲಿಗೂ ಇದೇ ಮದ್ದು. ಬಿಸಿ ಮಾಡದೆ ತಿರುಚಿದರೆ ಒಳಗಿನ ಪಿನ್ ಮುರಿಯುತ್ತದೆ. ಕೀಲು ಸಡಿಲವಾಗಿದ್ದರೆ ಅದನ್ನು ಬಿಚ್ಚಿ, ಒಳಗಿನ ಉಂಡೆಯ ಮೇಲೆ ಫೆವಿಕಾಲ್ ತೆಳುವಾಗಿ ಸವರಿ, ಪೂರ್ತಿ ಒಣಗಿದ ಮೇಲೆ ಜೋಡಿಸಿ.

ಇನ್ನು ಮುಖ. ಯಕ್ಷಗಾನದ ಬಣ್ಣದ ವೇಷದಲ್ಲಿ ಒಂದು ಕಡೆಯ ಚಿಟ್ಟಿ, ಅಂದರೆ ಮುಖಕ್ಕೆ ಇಡುವ ಬಿಳಿ ಚುಕ್ಕೆ, ಉದುರಿದರೆ ರಾಕ್ಷಸನ ಕಳೆಯೇ ಹೋಗುತ್ತದೆ, ಅಲ್ವಾ? ಇಲ್ಲೂ ಹಾಗೇ. ಸ್ಕೆಲೆಟರ್ ಮುಖ ಹಳದಿ ಬುರುಡೆ, ಅಂಚಿಗೆ ಹಸಿರು. ಕಣ್ಣಿನ ಗುಳಿಯ ಕಪ್ಪು ಗುಳಿಯೊಳಗೇ ಇರಬೇಕು, ಕೆನ್ನೆಗೆ ಹರಿದಿರಬಾರದು. ಹಲ್ಲಿನ ಗೆರೆ ಅಚ್ಚಿನ ಗೆರೆಯ ಮೇಲೇ ಕೂತಿರಬೇಕು. ಒಂದು ಕೂದಲೆಳೆ ಆಚೆ ಹೋದರೂ ಕೇಡಿ ಹೋಗಿ ಕೋಡಂಗಿ ಆಗುತ್ತಾನೆ. ಒಂದೇ ಮಾಡೆಲ್ ಆದರೂ ಪೀಸಿಂದ ಪೀಸಿಗೆ ಬಣ್ಣದಲ್ಲಿ ವ್ಯತ್ಯಾಸ ಇರುತ್ತದೆ. ಅಂಗಡಿಯವರು ಗೊಣಗಿದರೂ ಸರಿ, ಎರಡು ಮೂರು ಡಬ್ಬಿ ತೆಗೆಸಿ, ಪಕ್ಕಪಕ್ಕ ಇಟ್ಟು ಆರಿಸಿ.

ಅಚ್ಚಿನ ಎರಡು ಹೋಳು ಸೇರುವ ಕಡೆ ಒಂದು ಸಣ್ಣ ಗೆರೆ ಉಳಿಯುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೆ ಕಾಣುತ್ತದೆ. ತೋಳಿನ, ತೊಡೆಯ ಬದಿಯಲ್ಲಿ ಇದ್ದರೆ ಪರವಾಗಿಲ್ಲ. ಮುಖದ ಮೇಲೆ ಹಾದಿದ್ದರೆ ವಾಪಸ್ ಕೊಡಿ. ಸ್ಕೆಲೆಟರ್ ಮೈ ನೀಲಿ. ಮೊಣಕಾಲು ಮಡಚಿ ಒಳಗೆ ನೋಡಿ. ಅಲ್ಲಿ ಬೇರೆ ಬಣ್ಣ ಇಣುಕಿದರೆ ಆ ನೀಲಿ ಬರೀ ಮೇಲಿಂದ ಬಳಿದ ಬಣ್ಣ, ಆಡಿಸಿದಂತೆಲ್ಲ ಸವೆಯುತ್ತದೆ. ಪ್ಲಾಸ್ಟಿಕ್ಕೇ ನೀಲಿಯಾಗಿದ್ದರೆ ಗೀರಿದರೂ ನೀಲಿಯೇ.

ಅಗ್ಗಕ್ಕೆ ಸಿಕ್ಕಿತು ಅಂತ ನಕಲಿ ತರಬೇಡಿ. ಅಸಲಿ ಬೊಂಬೆಯ ಮೇಲೇ ಅಚ್ಚು ತೆಗೆದು ಮಾಡಿದ ನಕಲು ತುಸು ಕುಗ್ಗಿರುತ್ತದೆ. ಸ್ನಾಯು, ಹಲ್ಲು, ಕವಚದ ಅಂಚು ಎಲ್ಲ ಸವೆದ ಸೋಪಿನ ಹಾಗಿರುತ್ತದೆ. ಮೈಮೇಲೆ ಎಲ್ಲಾದರೂ ಕಂಪನಿ ಹೆಸರಿನ ಸಣ್ಣ ಅಕ್ಷರ ಇದೆಯಾ, ಓದೋಕೆ ಬರುತ್ತಾ, ಹುಡುಕಿ.

ನಿಮಗೆ ಯಾವುದು? ದೂರದರ್ಶನದ ನೆನಪಿಗೆ ಕೊಳ್ಳೋದಾದರೆ ಚಿಕ್ಕದೇ ತಗೊಳ್ಳಿ. ಗಿಡ್ಡ ಕಾಲು, ದಪ್ಪ ತೊಡೆ, ಜಪ್ಪಯ್ಯ ಅಂದರೂ ಅಲ್ಲಾಡದ ನಿಲುವು.

ಪ್ರಶ್ನೆ: ಅಣ್ಣನ ಹಳೇ ಸ್ಕೆಲೆಟರ್ ಅಟ್ಟದಲ್ಲಿ ಸಿಕ್ಕಿತು. ‘ಲಿಯೋ’ ಅಂತ ಡಬ್ಬಿ ಮೇಲಿದೆ. ಕಾಲುಗಳು ಜೋತುಬಿದ್ದಿವೆ, ಮೈ ಅಂಟಂಟು. ಎಸೆಯೋದಾ?
— ಓದುಗರೊಬ್ಬರು, ಮಂಗಳೂರು

ಉತ್ತರ: ಅಯ್ಯೋ, ಎಸೀಬೇಡಿ! ಲಿಯೋ ಅಂದರೆ ಮ್ಯಾಟೆಲ್ ಪರವಾನಗಿಯಲ್ಲಿ ನಮ್ಮ ದೇಶದಲ್ಲೇ ತಯಾರಾದದ್ದು. ಹಳೇ ಬೊಂಬೆ ಕೂಡಿಡುವವರು ಹುಡುಕುತ್ತಾ ಇರುತ್ತಾರೆ. ಡಬ್ಬಿಯನ್ನೂ ಜೋಪಾನ ಮಾಡಿ. ಆ ಕಾಲದ ಬೊಂಬೆಯಲ್ಲಿ ಎರಡೂ ಕಾಲನ್ನು ಒಳಗಿನಿಂದ ರಬ್ಬರ್ ಹಿಡಿದಿರುತ್ತದೆ. ಅದಕ್ಕೆ ವಯಸ್ಸಾಗಿದೆ, ಅಷ್ಟೇ. ಸೊಂಟ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಚಿಮ್ಮಿ ಗುದ್ದು ಕೊಡುತ್ತಾ ನೋಡಿ. ಕೊಟ್ಟರೆ ಒಳಗಿನ ಯಂತ್ರ ಗಟ್ಟಿಯಾಗಿದೆ. ಅಂಟು ಬರೋದು ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ಪದಾರ್ಥ ಹೊರಗೆ ಒಸರಿದಾಗ. ಉಗುರು ಬೆಚ್ಚಗಿನ ನೀರಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ಮೆತ್ತಗೆ ಉಜ್ಜಿ. ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಮತ್ತೆ ಅಟ್ಟಕ್ಕೆ ಹಾಕಬೇಡಿ, ಗಾಳಿ ಆಡಲಿ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಇಂಥ ಬೊಂಬೆ ಕೊಡಬಹುದಾ?
— ತಾಯಿಯೊಬ್ಬರು, ಕಲಬುರಗಿ

ಉತ್ತರ: ಬೇಡ. ಕತ್ತಿ, ಕೋಲು ನೇರ ಬಾಯಿಗೆ ಹೋಗುತ್ತವೆ. ದೊಡ್ಡವನಾದ ಮೇಲೆ ಕೊಡಿಸುವಾಗ ಐಎಸ್‌ಐ ಗುರುತು ನೋಡಿ. ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ.

ಪ್ರಶ್ನೆ: ದಸರಾ ಬೊಂಬೆ ಸಾಲಿನಲ್ಲಿ ಸ್ಕೆಲೆಟರ್ ಇಡಲೇಬೇಕು ಅಂತ ಮೊಮ್ಮಗನ ಹಟ. ಏನು ಮಾಡಲಿ?
— ಅಜ್ಜಿ, ಮೈಸೂರು

ಉತ್ತರ: ಇಡಿ ಅಜ್ಜಿ. ಪಟ್ಟದ ಬೊಂಬೆಗಳ ಸಾಲು ಬೇಡ, ಕೆಳಗಿನ ಮೆಟ್ಟಿಲಲ್ಲಿ ಪೇಟೆ ಬೀದಿ, ಪಾರ್ಕು ಮಾಡ್ತೀರಲ್ಲ, ಅಲ್ಲಿ ಜಾಗ ಕೊಡಿ. ಬಟ್ಟೆ ಹಾಸಿದ ಮೇಲೆ ಪಾದ ಸಮ ಕೂರೋದಿಲ್ಲ, ಅಡಿಗೆ ಒಂದು ಚೂರು ರಟ್ಟು ಇಟ್ಟು ಡಬಲ್ ಟೇಪ್ ಹಾಕಿ. ದೀಪದಿಂದ ದೂರ ಇರಲಿ, ಇಲ್ಲದಿದ್ದರೆ ವಿಜಯದಶಮಿ ಹೊತ್ತಿಗೆ ಅವನ ಕೋಲು ಬಾಗಿರುತ್ತದೆ.